ಮರೆಯಲ್ಲಿ ಕುಳಿತು ಹಕ್ಕಿ ಕಂಡ ಮೂಡಿಗೆರೆಯ ತೇಜಸ್ವಿ

ಕಾರ್ಕಳ ಸೀಮೆಯ ಅಜೆಕಾರಿನಂಥ ಊರುಗಳಿಗೆ ಮೂಡಣ ದಿಕ್ಕೆಂದರೆ ಘಟ್ಟದ ದಿಕ್ಕು. ತಪ್ಪಲಿನ ಅಡಿಕೆ ತೋಟಗಳು ಮುಗಿಯುವಲ್ಲಿ ಕಾಡು ಆರಂಭವಾಗುತ್ತದೆ. ಬಜಗೋಳಿ, ಕುದುರೆಮುಖ, ಕಳಸಗಳನ್ನು ಹಾದು ಘಟ್ಟವೇರಿದರೆ ಕೊಟ್ಟಿಗೆಹಾರ, ಅದರಿಂದಾಚೆಗೆ ಮೂಡಿಗೆರೆ. ಈ ಮಲೆಸಾಲಿನ ಎರಡೂ ಮಗ್ಗುಲಲ್ಲಿ ಇಂದು ರಜೆಯ ದಿನಗಳಲ್ಲಿ ಉದ್ದನೆಯ ಮಸೂರ ಹೊತ್ತ ಯುವಕ ಯುವತಿಯರು ಕಾಣಸಿಗುತ್ತಾರೆ. ಹಕ್ಕಿ ಛಾಯಾಗ್ರಹಣದ ಶಿಬಿರಗಳು, ಅನುಭವಿಗಳ ಮಾರ್ಗದರ್ಶನದಲ್ಲಿ ಕಾಡಿನಂಚಿನ ನಡಿಗೆಗಳು ಈಗ ಅಪರೂಪವಲ್ಲ. ಹೀಗೆ ಹೊರಟವರಲ್ಲಿ ಹಲವರಿಗೆ ಹಕ್ಕಿಯ ಹುಚ್ಚು ಹಿಡಿಸಿದ್ದು ಕ್ಯಾಮೆರಾ ಅಲ್ಲ, ಶಾಲೆಯ ದಿನಗಳಲ್ಲಿ ಓದಿದ ಒಂದು ಕನ್ನಡ ಪುಸ್ತಕ. ಆ ಪುಸ್ತಕಗಳ ಕರ್ತೃ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ಕಥೆಗಾರ, ಕಾದಂಬರಿಕಾರ ಎಂದು ನಾಡು ಬಲ್ಲ ತೇಜಸ್ವಿಯವರು ತಮ್ಮ ಬದುಕಿನ ಬಹು ದೊಡ್ಡ ಪಾಲನ್ನು ಕಾಡಿನಲ್ಲಿ, ಕೆರೆಯಂಚಿನಲ್ಲಿ, ಕ್ಯಾಮೆರಾದ ಹಿಂದೆ ಕಳೆದವರು. ಶಿಬಿರ ಎಂಬ ಹೆಸರಿಟ್ಟು ಪಾಠ ಹೇಳಿದವರಲ್ಲವಾದರೂ ಒಂದಿಡೀ ತಲೆಮಾರಿಗೆ ನೋಡುವುದನ್ನು ಕಲಿಸಿದವರು.

ಉದಯರವಿಯಿಂದ ಚಿತ್ರಕೂಟಕ್ಕೆ

ತೇಜಸ್ವಿಯವರು ಜನಿಸಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ರಾಷ್ಟ್ರಕವಿ ಕುವೆಂಪು, ತಾಯಿ ಹೇಮಾವತಿ. ಕೋಕಿಲೋದಯ ಚೈತ್ರ, ಇಂದುಕಲಾ ಮತ್ತು ತಾರಿಣಿ ಅವರ ಒಡಹುಟ್ಟಿದವರು. ಬಾಲ್ಯ ಕಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ಉದಯರವಿ ಮನೆಯಲ್ಲಿ. ಮಲೆನಾಡಿನ ಕಾಡು, ಕಾಜಾಣ, ಕೋಗಿಲೆಗಳನ್ನು ಕಾವ್ಯಕ್ಕೆ ತಂದ ಕವಿಯ ಮನೆ ಅದು. ತಂದೆಯ ಪಾಲಿಗೆ ಹಕ್ಕಿ ಹಾಡಾಯಿತು, ದರ್ಶನವಾಯಿತು. ಮಗನ ಪಾಲಿಗೆ ಅದೇ ಹಕ್ಕಿ ಕುತೂಹಲದ ವಸ್ತುವಾಯಿತು. ಅದು ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಏಕೆ ಹಾಗೆ ಕೂಗುತ್ತದೆ ಎಂಬ ಪ್ರಶ್ನೆಗಳು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಯುವಕನ ಮುಂದೆ ಅಧ್ಯಾಪಕ ವೃತ್ತಿಯ ಹಾದಿ ಹಾಸಿಕೊಂಡಿತ್ತು. ಸಾಹಿತ್ಯದ ಮೊದಲ ಹೆಜ್ಜೆಯೂ ಯಶಸ್ವಿಯಾಗಿತ್ತು; ‘ಲಿಂಗ ಬಂದ’ ಎಂಬ ಕಥೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದಿತ್ತು. ಸಿತಾರ್ ವಾದನ, ಚಿತ್ರಕಲೆ, ಸಮಾಜವಾದಿ ಚಳವಳಿ ಎಲ್ಲವೂ ಅವರನ್ನು ಸೆಳೆದಿದ್ದವು. ಆದರೆ ತೇಜಸ್ವಿಯವರು ನೌಕರಿಯನ್ನೂ ನಗರವನ್ನೂ ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಹೋಗಿ ಕಾಫಿ ಕೃಷಿಕರಾದರು. ಭೂತನಕಾಡಿನ ಆ ತೋಟಕ್ಕೆ ಇಟ್ಟ ಹೆಸರು ಚಿತ್ರಕೂಟ. 1966ರ ನವೆಂಬರಿನಲ್ಲಿ ರಾಜೇಶ್ವರಿಯವರೊಂದಿಗೆ ಅವರ ವಿವಾಹ ನಡೆದದ್ದೂ ಅಲ್ಲಿಯೇ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿಯ ಸರಳ ವಿವಾಹ ಅದು. ಸುಸ್ಮಿತಾ ಮತ್ತು ಈಶಾನ್ಯೆ ಈ ದಂಪತಿಯ ಮಕ್ಕಳು. ಮುಂದೆ ಚಿತ್ರಕೂಟವನ್ನು ಬಿಟ್ಟು ಮೂಡಿಗೆರೆಯ ಬಳಿಯೇ ಇನ್ನೊಂದು ತೋಟಕ್ಕೆ ಬಂದು ನೆಲೆಸಿದರು. ಅದರ ಹೆಸರು ನಿರುತ್ತರ.

ಮಹಾಕವಿಯ ಮಗ ಎಂಬ ಹಿರಿಮೆ ಮೈಸೂರಿನಲ್ಲಿ ನೆರಳಾಗಿ ಹಿಂಬಾಲಿಸುತ್ತಿತ್ತು. ಕಾಫಿ ತೋಟದ ಕೂಲಿಯಾಳುಗಳಿಗೆ, ಜೇನು ಕೀಳುವವರಿಗೆ, ಮೀನು ಹಿಡಿಯುವವರಿಗೆ ಆ ಹಿರಿಮೆ ದೊಡ್ಡದಾಗಿರಲಿಲ್ಲ. ತೇಜಸ್ವಿಯವರಿಗೆ ಬೇಕಾಗಿದ್ದುದೂ ಅಂತಹ ಜಾಗವೇ. ಅವರ ಕಥೆಗಳ ಪಾತ್ರಗಳೆಲ್ಲ ಅಲ್ಲಿಂದಲೇ ಎದ್ದು ಬಂದವು.

ಕೋವಿಯ ಕಾಲ, ಕ್ಯಾಮೆರಾದ ಕಾಲ

ಅವರು ತೋಟಕ್ಕೆ ಹೋದ ಕಾಲದ ಮಲೆನಾಡಿನಲ್ಲಿ ಕೋವಿ ಇಲ್ಲದ ಮನೆ ಕಡಿಮೆ. ಬೆಳೆಗೆ ಹಂದಿ ಕಾಟ, ಹಬ್ಬಕ್ಕೆ ಶಿಕಾರಿ, ಮಳೆಗಾಲಕ್ಕೆ ಮೀನು, ಏಡಿ. ತೇಜಸ್ವಿಯವರ ‘ಪರಿಸರದ ಕಥೆ’ಯನ್ನು ಓದಿದವರಿಗೆ ಅವರ ನಾಯಿ ಕಿವಿ, ಮಾರ, ಪ್ಯಾರ ಮುಂತಾದವರ ಜೊತೆಗಿನ ಬೇಟೆಯ ಅಲೆದಾಟಗಳು ನೆನಪಿರುತ್ತವೆ. ಕಾಡಿನ ಒಳಹೊಕ್ಕು ನೋಡುವ ಅಭ್ಯಾಸ ಅವರಿಗೆ ಬಂದದ್ದು ಆ ಹಾದಿಯಿಂದಲೇ. ಪ್ರಾಣಿಯ ಹೆಜ್ಜೆ, ಹಕ್ಕಿಯ ಎಚ್ಚರಿಕೆಯ ಕೂಗು, ಗಾಳಿಯ ದಿಕ್ಕು ಇವೆಲ್ಲ ಬೇಟೆಗಾರನಿಗೆ ತಿಳಿದಿರಬೇಕಾದ ಸಂಗತಿಗಳು. ಛಾಯಾಗ್ರಾಹಕನಿಗೂ ಬೇಕಾದವು ಅವೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ದೇಶದಲ್ಲಿ ಶಿಕಾರಿಯ ಕಾಲ ಮುಗಿಯತೊಡಗಿತು. ತೇಜಸ್ವಿಯವರ ಬದುಕಿನಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದು ನಿಂತಿತು. ಗಾಳ ಮಾತ್ರ ಕೊನೆಯವರೆಗೂ ಕೈಯಲ್ಲಿ ಉಳಿಯಿತು. ಸ್ಕೂಟರಿನಲ್ಲಿ ಗಾಳ, ಕ್ಯಾಮೆರಾಗಳೊಂದಿಗೆ ಹೊರಟ ತೇಜಸ್ವಿಯವರ ಚಿತ್ರ ಮೂಡಿಗೆರೆಯ ಸುತ್ತಿನವರಿಗೆ ಚಿರಪರಿಚಿತವಾಗಿತ್ತು.

ಇಂದಿನ ಡಿಜಿಟಲ್ ಕ್ಯಾಮೆರಾ ಹಿಡಿದವರಿಗೆ ಆ ಕಾಲದ ಹಕ್ಕಿ ಛಾಯಾಗ್ರಹಣದ ಕಷ್ಟ ಊಹಿಸುವುದು ಕಠಿಣ. ಒಂದು ಸುರುಳಿ ಫಿಲ್ಮಿನಲ್ಲಿ ದೊರೆಯುತ್ತಿದ್ದುದು 36 ಚಿತ್ರಗಳು. ಬಣ್ಣದ ಸ್ಲೈಡ್ ಫಿಲ್ಮುಗಳ ವೇಗ ಕಡಿಮೆ. ಮಲೆನಾಡಿನ ಮರಗಳಡಿಯ ಮಬ್ಬು ಬೆಳಕಿನಲ್ಲಿ ರೆಂಬೆಯಿಂದ ರೆಂಬೆಗೆ ಹಾರುವ ಹಕ್ಕಿಯನ್ನು ಹಿಡಿಯುವುದು ದುಸ್ತರ. ಗುರಿಯನ್ನು ಸ್ಪಷ್ಟಗೊಳಿಸಲು ಕೈಯಿಂದಲೇ ಮಸೂರ ತಿರುಗಿಸಬೇಕಿತ್ತು. ಚಿತ್ರ ಹೇಗೆ ಬಂದಿದೆ ಎಂದು ತಿಳಿಯಲು ಫಿಲ್ಮು ನಗರಕ್ಕೆ ಹೋಗಿ ಸಂಸ್ಕರಣೆಗೊಂಡು ಮರಳುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಹಕ್ಕಿ ಮರಿ ಮಾಡಿ ಜಾಗ ಬಿಟ್ಟಿರುತ್ತಿತ್ತು. ಇನ್ನು ಮಳೆಗಾಲದ ತೇವಕ್ಕೆ ಮಸೂರದ ಒಳಗೇ ಬೂಷ್ಟು ಹಿಡಿಯುವ ತೊಂದರೆ ಬೇರೆ.

ಆದ್ದರಿಂದ ಹಕ್ಕಿಯ ಚಿತ್ರ ತೆಗೆಯುವವನಿಗೆ ಒಂದೇ ದಾರಿ ಉಳಿದಿತ್ತು. ಹಕ್ಕಿ ಎಲ್ಲಿ ಬರುತ್ತದೆ ಎಂಬುದನ್ನು ಮೊದಲೇ ತಿಳಿದು, ಅಲ್ಲಿ ಸೊಪ್ಪು ಬಟ್ಟೆಗಳಿಂದ ಮರೆ ಕಟ್ಟಿ, ಅದರೊಳಗೆ ಅಲುಗಾಡದೆ ಗಂಟೆಗಟ್ಟಲೆ ಕಾಯುವುದು. ತೇಜಸ್ವಿಯವರ ಹಕ್ಕಿ ಬರಹಗಳ ಮೂಲ ಈ ಕಾಯುವಿಕೆಯಲ್ಲಿದೆ. ಕ್ಲಿಕ್ಕಿಸಿದ ಗಳಿಗೆಗಿಂತ ಕ್ಲಿಕ್ಕಿಸದೆ ಕಾದ ಗಳಿಗೆಗಳೇ ಹೆಚ್ಚು. ಆ ಹೊತ್ತಿನಲ್ಲಿ ಕಂಡದ್ದೇ ಬರವಣಿಗೆಯಾಯಿತು.

ಕನ್ನಡದಲ್ಲಿ ಹಕ್ಕಿಗಳು

ಭಾರತದಲ್ಲಿ ಹಕ್ಕಿ ವೀಕ್ಷಣೆಯ ಪರಂಪರೆ ಇಂಗ್ಲಿಷಿನಲ್ಲಿ ಬೆಳೆದದ್ದು. ಸಲೀಂ ಅಲಿ ಅವರು 1939-40ರಲ್ಲಿ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಅವರ ಪ್ರಸಿದ್ಧ ಹಕ್ಕಿ ಪುಸ್ತಕ 1941ರಲ್ಲಿ ಹೊರಬಂತು. ಛಾಯಾಗ್ರಹಣದಲ್ಲಿಯೂ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ದೇಶ ವಿದೇಶಗಳಲ್ಲಿ ಹೆಸರಾದ ವನ್ಯಜೀವಿ ಛಾಯಾಗ್ರಾಹಕರು. ಆದರೆ ಆ ಚಿತ್ರಗಳು ಪ್ರದರ್ಶನದ ಗೋಡೆಗಳಲ್ಲಿ, ಇಂಗ್ಲಿಷ್ ಪುಸ್ತಕಗಳಲ್ಲಿ ಇದ್ದವು. ಹಳ್ಳಿಯ ಶಾಲೆಯ ಹುಡುಗನಿಗೆ ತನ್ನ ಹಿತ್ತಲಿನ ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಹೇಳುವ ಸಚಿತ್ರ ಪುಸ್ತಕಗಳು ವಿರಳ.

ಈ ಕೊರತೆಯನ್ನು ತುಂಬಿದವರಲ್ಲಿ ತೇಜಸ್ವಿಯವರು ಪ್ರಮುಖರು. ಕನ್ನಡ ನಾಡಿನ ಹಕ್ಕಿಗಳನ್ನು ಕುರಿತ ಅವರ ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿಪುಕ್ಕ’ ಪುಸ್ತಕಗಳು ವಿದ್ವತ್ತಿನ ಭಾರವಿಲ್ಲದೆ ಓದುಗರನ್ನು ತೋಟದ ಬೇಲಿಯ ಬಳಿಗೆ ಕರೆದೊಯ್ದವು. ಪಿಕಳಾರ, ಮಡಿವಾಳ, ಮರಕುಟಿಗ, ಭೀಮರಾಜ, ಮಂಗಟ್ಟೆ, ಸೂರಕ್ಕಿ, ಗೀಜಗ ಎಂಬ ಹೆಸರುಗಳು ನಗರದ ಕನ್ನಡಿಗರ ಬಾಯಿಗೂ ಬಂದವು. ಹೆಸರು ತಿಳಿಯದ ಹಕ್ಕಿ ಕೇವಲ ಹಕ್ಕಿಯಾಗಿಯೇ ಉಳಿಯುತ್ತದೆ. ಅದು ಒಂದು ವರ್ಷ ಬಾರದಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ಹೆಸರು ತಿಳಿದ ಹಕ್ಕಿ ಕಾಣೆಯಾದರೆ ಹುಡುಕುವವರಿರುತ್ತಾರೆ. ಹೆಸರುಗಳನ್ನು ಉಳಿಸಿದ್ದು ಈ ಪುಸ್ತಕಗಳ ದೊಡ್ಡ ಉಪಕಾರ.

ಹಾರುವ ಓತಿಯ ಬೆನ್ನು ಹತ್ತಿ

1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಂದು ವಿಚಿತ್ರ ತಂಡ ಕಾಡಿಗೆ ಹೊರಡುತ್ತದೆ. ವಿಜ್ಞಾನಿ ಕರ್ವಾಲೊ, ಜೇನು ಹುಡುಕುವ ಮಂದಣ್ಣ, ನಾಯಿ ಕಿವಿ, ಇವರೊಂದಿಗೆ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ. ಅಷ್ಟೆಲ್ಲ ಪಾಡುಪಟ್ಟ ಮೇಲೂ ಓತಿ ಯಾರ ಕೈಗೂ ಸಿಗದೆ ಕಣಿವೆಯ ಶೂನ್ಯದಲ್ಲಿ ತೇಲಿ ಹೋಗುತ್ತದೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನನ್ನು ವಿಜ್ಞಾನಿಯೊಬ್ಬ ಹುಟ್ಟು ನಿಸರ್ಗತಜ್ಞನೆಂದು ಗುರುತಿಸುವುದೇ ಕಾದಂಬರಿಯ ತಿರುಳು.

ಕಾದಂಬರಿಯಲ್ಲಿ ಈ ಜೀವಿ ಯುಗಗಳಾಚೆಯ ರಹಸ್ಯದಂತೆ ಬರುತ್ತದೆ. ವಾಸ್ತವದಲ್ಲಿ ಹಾರುವ ಓತಿ ಪಶ್ಚಿಮ ಘಟ್ಟದ ತಪ್ಪಲಿನ ಅಡಿಕೆ ತೋಟಗಳಲ್ಲಿ ಇಂದಿಗೂ ಬದುಕಿದೆ. ಪಕ್ಕೆಲುಬುಗಳನ್ನು ಚಾಚಿ ಚರ್ಮದ ರೆಕ್ಕೆ ಬಿಚ್ಚಿ ಅಡಿಕೆ ಮರದಿಂದ ಮರಕ್ಕೆ ತೇಲುತ್ತದೆ; ಗಂಡು ಓತಿ ಕುತ್ತಿಗೆಯ ಹಳದಿ ಚರ್ಮವನ್ನು ಬಾವುಟದಂತೆ ಬಿಚ್ಚಿ ಮಡಿಚುತ್ತದೆ. ಕಾರ್ಕಳ, ಹೆಬ್ರಿ ಸುತ್ತಿನ ತೋಟಗಳಲ್ಲಿ ಛಾಯಾಗ್ರಾಹಕರು ಮರದ ಕಾಂಡವನ್ನು ದಿಟ್ಟಿಸುತ್ತ ನಿಂತಿದ್ದರೆ ಅವರು ಹುಡುಕುತ್ತಿರುವುದು ಬಹುಶಃ ಇದನ್ನೇ. ಮರದ ತೊಗಟೆಯ ಬಣ್ಣದ ಈ ಜೀವಿಯನ್ನು ಮೊದಲು ತೋರಿಸುವವನು ಸಾಮಾನ್ಯವಾಗಿ ತೋಟದ ಆಳು. ಮಂದಣ್ಣ ಪುಸ್ತಕದ ಹೊರಗೂ ಇದ್ದಾನೆ.

ತೋಟವೇ ಪಾಠಶಾಲೆ

ನಿರುತ್ತರಕ್ಕೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಬರಹಗಾರರು, ರೈತ ಸಂಘದವರು, ವಿಜ್ಞಾನದ ವಿದ್ಯಾರ್ಥಿಗಳು, ಕ್ಯಾಮೆರಾ ಹಿಡಿದ ತರುಣರು ಎಲ್ಲರೂ ಬಂದರು. ಸಭೆ, ಸಮಾರಂಭ, ಸನ್ಮಾನಗಳೆಂದರೆ ದೂರವಿರುತ್ತಿದ್ದ ತೇಜಸ್ವಿಯವರು ಹುಳು, ಹಕ್ಕಿ, ಮೀನು, ಮಸೂರಗಳ ವಿಷಯ ಬಂದರೆ ಹೊತ್ತಿನ ಪರಿವೆಯಿಲ್ಲದೆ ಮಾತಿಗಿಳಿಯುತ್ತಿದ್ದರು. ಗೆಳೆಯ ಕಡಿದಾಳು ಶಾಮಣ್ಣನವರಿಗೂ ಛಾಯಾಗ್ರಹಣದ ಒಲವಿತ್ತು.

ಮಸನೊಬು ಫುಕುವೊಕ ಅವರ ಕೃಷಿ ಚಿಂತನೆಯನ್ನು ‘ಸಹಜ ಕೃಷಿ’ಯ ಮೂಲಕ ಕನ್ನಡಕ್ಕೆ ಪರಿಚಯಿಸಿದವರೂ ತೇಜಸ್ವಿಯವರೇ. ಮರದ ನೆರಳಿನಲ್ಲಿ ಬೆಳೆಯುವ ಮಲೆನಾಡಿನ ಕಾಫಿ ತೋಟ ಕಾಡಿನ ಹಕ್ಕಿಗಳಿಗೂ ಆಸರೆ. ಅತ್ತಿ, ಆಲಗಳ ಜಾತಿಯ ಹಣ್ಣಿನ ಮರಗಳಿದ್ದರೆ ಕುಟ್ರುಹಕ್ಕಿ, ಮಂಗಟ್ಟೆಗಳು ಬರುತ್ತವೆ. ಒಣಗಿದ ಮರವೊಂದು ನಿಂತಿದ್ದರೆ ಮರಕುಟಿಗ ಪೊಟರೆ ಕೊರೆಯುತ್ತದೆ. ನೆರಳಿನ ಮರ ಕಡಿದು ಬೆಳ್ಳಿಮರ ನೆಟ್ಟರೆ ಇವುಗಳಲ್ಲಿ ಹಲವಕ್ಕೆ ನೆಲೆ ತಪ್ಪುತ್ತದೆ.

‘ಅಬಚೂರಿನ ಪೋಸ್ಟಾಫೀಸು’, ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ ಕೃತಿಗಳು ಮಲೆನಾಡಿನ ಇನ್ನೊಂದು ಮುಖವನ್ನು ತೋರಿಸಿದವು. ಏಲಕ್ಕಿ ವ್ಯಾಪಾರದ ಒಳಸುಳಿ, ಕಾಡಿನ ಲೂಟಿ, ಜಾತಿಯ ಕಟ್ಟುಗಳು ಅಲ್ಲಿ ಬಂದವು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ದೊರೆಯಿತು. ಮುಂದೆ ಪಂಪ ಪ್ರಶಸ್ತಿಯೂ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಬೇಕೆಂಬ ಹಟವೂ ಅವರಿಗಿತ್ತು. ಹೊಸ ಉಪಕರಣಗಳನ್ನು ಕಂಡರೆ ಹೆದರದ, ಹಳೆಯ ಕಾಡನ್ನು ಕಂಡರೆ ಬೇಸರಗೊಳ್ಳದ ಮನಸ್ಸು ಅದು.

ಉಳಿದುಹೋದ ಪಾಠ

2007ರ ಏಪ್ರಿಲ್ 5ರಂದು ನಿರುತ್ತರದ ಮನೆಯಲ್ಲಿ ತೇಜಸ್ವಿಯವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 68 ವರ್ಷ. ‘ನನ್ನ ತೇಜಸ್ವಿ’ ಎಂಬ ಕೃತಿಯಲ್ಲಿ ಅವರ ಬದುಕನ್ನು ದಾಖಲಿಸಿದ ರಾಜೇಶ್ವರಿ ತೇಜಸ್ವಿ ಅವರು 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಅವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರ 2023ರಲ್ಲಿ ತೆರೆಕಂಡಾಗ ಅದಕ್ಕೆ ಹಣ ಹೊಂದಿಸಿದವರು ಅವರ ಓದುಗರೇ.

ಅವರು ಹೋದ ಬಳಿಕ ಹಕ್ಕಿ ಛಾಯಾಗ್ರಹಣ ಸಂಪೂರ್ಣ ಬದಲಾಯಿತು. ಒಂದು ಬೆಳಗಿನಲ್ಲಿ ಸಾವಿರ ಚಿತ್ರ ತೆಗೆಯಬಹುದು. ಜಾಗ ಯಾವುದೆಂಬುದು ಕ್ಷಣಾರ್ಧದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಇದರಿಂದ ಲಾಭವೂ ಇದೆ. ಹಕ್ಕಿಗಳನ್ನು ಬಲ್ಲವರು, ಅವುಗಳ ಪರವಾಗಿ ದನಿಯೆತ್ತುವವರು ಹೆಚ್ಚಿದ್ದಾರೆ. ಅಪಾಯವೂ ಇದೆ. ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ಕೇಳಿಸಿ ಹಕ್ಕಿಯನ್ನು ಕರೆದರೆ ಅದು ಎದುರಾಳಿ ಬಂದನೆಂದು ಭಾವಿಸಿ ಮೇವು, ಮರಿಗಳನ್ನು ಬಿಟ್ಟು ಓಡಿ ಬರುತ್ತದೆ. ಗೂಡಿನ ಮುಂದಿನ ಎಲೆ ಸವರಿದರೆ ಮರಿಗಳು ಬಿಸಿಲಿಗೆ, ಕಾಗೆ ಹಾವುಗಳ ಕಣ್ಣಿಗೆ ಬೀಳುತ್ತವೆ. ಹತ್ತಾರು ಮಂದಿ ಸುತ್ತ ನಿಂತರೆ ತಾಯಿ ಹಕ್ಕಿ ಗೂಡಿಗೆ ಮರಳಲು ಅಂಜುತ್ತದೆ. ಒಳ್ಳೆಯ ಶಿಬಿರಗಳು ಇಂದು ಮೊದಲು ಹೇಳಿಕೊಡುವುದು ಇದನ್ನೇ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಇವೆ.

ತೇಜಸ್ವಿಯವರ ಬದುಕು ಹೇಳುವ ಪಾಠ ಇದಕ್ಕೆ ಹೊರತಲ್ಲ. ಅವರ ಮರೆ ಹಕ್ಕಿಯನ್ನು ಹಿಡಿಯುವ ಬಲೆಯಾಗಿರಲಿಲ್ಲ, ಹಕ್ಕಿ ತನ್ನ ಪಾಡಿಗೆ ತಾನಿರಲು ಮನುಷ್ಯ ಮಾಡಿಕೊಂಡ ಏರ್ಪಾಡಾಗಿತ್ತು. ಅಜೆಕಾರಿನ ಅಡಿಕೆ ತೋಟದಲ್ಲಾಗಲಿ ಮೂಡಿಗೆರೆಯ ಕಾಫಿ ತೋಟದಲ್ಲಾಗಲಿ ಕ್ಯಾಮೆರಾ ಹಿಡಿದು ನಿಂತವರಿಗೆ ಕೆಲವು ದಿನ ಚಿತ್ರ ಸಿಗುತ್ತದೆ, ಹಲವು ದಿನ ಸಿಗುವುದಿಲ್ಲ. ಸಿಗದ ದಿನವೂ ವ್ಯರ್ಥವಲ್ಲ ಎಂಬುದನ್ನು ಹಾರುವ ಓತಿಯನ್ನು ಕಣಿವೆಗೆ ಹಾರಲು ಬಿಟ್ಟ ಆ ಲೇಖಕ ಬಹು ಹಿಂದೆಯೇ ತೋರಿಸಿಕೊಟ್ಟಿದ್ದರು.