ಅವಿಲಾದ ಸಂತ ತೆರೇಸಮ್ಮನವರು

ತೆರೇಸಾ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಗುಲಾಬಿ ಹೂಗಳನ್ನು ಎದೆಗವಚಿಕೊಂಡ ಚಿಕ್ಕ ತೆರೇಸಾ, ಇಲ್ಲವೇ ನೀಲಿ ಅಂಚಿನ ಸೀರೆಯುಟ್ಟ ಕಲ್ಕತ್ತೆಯ ತಾಯಿ. ಅಕ್ಟೋಬರ್ 15ರಂದು ಹಬ್ಬವಿರುವ ಅವಿಲಾದ ತೆರೇಸಮ್ಮನವರು ಇವರಿಬ್ಬರಿಗೂ ಹಿರಿಯರು. ಕಲ್ಕತ್ತೆಯ ತಾಯಿ ಚಿಕ್ಕ ತೆರೇಸಾಳ ಹೆಸರನ್ನು ಇಟ್ಟುಕೊಂಡರು. ಚಿಕ್ಕ ತೆರೇಸಾ ಬಾಳಿದ್ದು ಅವಿಲಾದ ತೆರೇಸಮ್ಮನವರು ಹಾಕಿಕೊಟ್ಟ ಪದ್ಧತಿಯ ಕಾರ್ಮೆಲ್ ಮಠದಲ್ಲಿ. ಮನೆಯ ಅಜ್ಜಿಯಂತಿರುವ ಈ ಸಂತರ ಬಗ್ಗೆ ನಮಗೆ ತಿಳಿದಿರುವುದು ಮಾತ್ರ ಕಡಿಮೆ. ಚಿತ್ರಗಳಲ್ಲಿ ಅವರು ಯಾವಾಗಲೂ ಮುಖ ಮೇಲೆತ್ತಿ ಧ್ಯಾನದಲ್ಲಿರುತ್ತಾರೆ. ಅವರ ಪತ್ರಗಳನ್ನು ಓದಿದರೆ ಕಾಣುವ ಹೆಂಗಸೇ ಬೇರೆ: ಸಾಲದ ಲೆಕ್ಕ ಬರೆಯುವವರು, ಕಳುಹಿಸಿದ ಮೀನು ತಲುಪಿತೆಂದು ತಿಳಿಸುವವರು, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವವರು.

ಸ್ಪೇನ್ ದೇಶದ ನಡುಭಾಗದ ಎತ್ತರದ ಬಯಲಿನಲ್ಲಿ, ಚಳಿ ಹೆಚ್ಚಿರುವ ಕಡೆ, ಅವಿಲಾ ಪಟ್ಟಣವಿದೆ. ಊರಿನ ಸುತ್ತ ಕಲ್ಲಿನ ಕೋಟೆ. ಅದಕ್ಕೆ 80ಕ್ಕೂ ಹೆಚ್ಚು ಬುರುಜುಗಳು. ಇಂದಿಗೂ ಆ ಕೋಟೆ ಗಟ್ಟಿಯಾಗಿ ನಿಂತಿದೆ. 1515ರ ಮಾರ್ಚ್ 28ರಂದು ತೆರೇಸಾ ಹುಟ್ಟಿದಳು. ತಂದೆ ಅಲೋನ್ಸೊ, ತಾಯಿ ಬೆಯಾಟ್ರಿಸ್. ಹೊರಗಿನವರ ಕಣ್ಣಿಗೆ ಅದು ಅನುಕೂಲಸ್ಥ, ಗೌರವಸ್ಥ ಕುಟುಂಬ. ಆದರೆ ಆ ಮನೆಗೆ ಒಂದು ಗುಟ್ಟಿತ್ತು. ಅಲೋನ್ಸೊ ಅವರ ತಂದೆ ತೊಲೇದೊ ನಗರದ ಬಟ್ಟೆ ವ್ಯಾಪಾರಿ, ಯೆಹೂದ್ಯ ಮೂಲದ ಕ್ರೈಸ್ತ. ಗುಟ್ಟಾಗಿ ಹಳೆಯ ಮತವನ್ನು ಅನುಸರಿಸಿದರೆಂದು 1485ರಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಅವಮಾನದ ಹಳದಿ ಅಂಗಿ ತೊಟ್ಟು ಶುಕ್ರವಾರಗಳಂದು ಚರ್ಚಿನಿಂದ ಚರ್ಚಿಗೆ ಮೆರವಣಿಗೆಯಲ್ಲಿ ನಡೆಯಬೇಕಾಯಿತು. ಆಮೇಲೆ ಕುಟುಂಬ ಅವಿಲಾಕ್ಕೆ ಬಂದು ನೆಲೆಸಿತು. ಈ ಸಂಗತಿ ದಾಖಲೆಗಳಿಂದ ಹೊರಬಂದದ್ದು 20ನೇ ಶತಮಾನದ ನಡುವಿನಲ್ಲಿ. ಅಲ್ಲಿಯವರೆಗೂ ಅವರ ಚರಿತ್ರೆ ಬರೆದವರು ಉನ್ನತ ಕುಲ, ಶುದ್ಧ ರಕ್ತ ಎಂದೇ ಬರೆದಿದ್ದರು. ತೆರೇಸಮ್ಮನವರಾದರೋ ಮುಂದೆ ತಮ್ಮ ಮಠಗಳಲ್ಲಿ ಕುಲಗೌರವದ ಬಿರುದುಗಳನ್ನು ಬಳಸಲೇಬಾರದೆಂದು ನಿಯಮ ಮಾಡಿದರು. ಆ ಕಾಲದ ಸ್ಪೇನಿನಲ್ಲಿ ಅದು ಸಣ್ಣ ಮಾತಲ್ಲ.

ತಾಯಿಗೆ ವೀರ ಯೋಧರ ಸಾಹಸದ ಕಥೆಗಳೆಂದರೆ ಪ್ರಾಣ. ತಂದೆಗೆ ಆಗದು. ತಾಯಿಯೂ ಮಗಳೂ ಅವರ ಕಣ್ಣುತಪ್ಪಿಸಿ ಓದುತ್ತಿದ್ದರು. ಸಂತರ ಚರಿತ್ರೆಗಳನ್ನೂ ಅಷ್ಟೇ ಆಸೆಯಿಂದ ಓದಿದ್ದರ ಫಲವಾಗಿ, ಬಾಲಕಿ ತೆರೇಸಾ ಅಣ್ಣ ರೊದ್ರಿಗೊನನ್ನು ಕರೆದುಕೊಂಡು ಮನೆಬಿಟ್ಟು ಹೊರಟಳು. ಮುಸಲ್ಮಾನರ ನಾಡಿಗೆ ಹೋಗಿ ರಕ್ತಸಾಕ್ಷಿಗಳಾಗಿ ನೇರವಾಗಿ ಸ್ವರ್ಗ ಸೇರುವುದು ಮಕ್ಕಳ ಲೆಕ್ಕಾಚಾರ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಚಿಕ್ಕಪ್ಪನ ಕೈಗೆ ಸಿಕ್ಕಿಬಿದ್ದರು. ಇದಾದ ಕೆಲವೇ ವರ್ಷಗಳಲ್ಲಿ ತಾಯಿ ತೀರಿಕೊಂಡರು. ಹುಡುಗಿ ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದೆ ಹೋಗಿ ಅತ್ತು, ಇನ್ನು ಮೇಲೆ ನೀನೇ ತಾಯಿಯಾಗಬೇಕೆಂದು ಕೇಳಿಕೊಂಡಳು.

20ನೇ ವಯಸ್ಸಿನಲ್ಲಿ ಅವರು ಅವಿಲಾದ ಕಾರ್ಮೆಲ್ ಮಠ ಸೇರಿದರು. ಅದು 1535. ಸ್ವಲ್ಪ ಕಾಲದಲ್ಲೇ ಕಾಯಿಲೆ ಬಿದ್ದರು. ಹಳ್ಳಿಯ ಒಬ್ಬ ನಾಟಿ ವೈದ್ಯೆಯ ಚಿಕಿತ್ಸೆಯಿಂದ ಕಾಯಿಲೆ ಇನ್ನೂ ಹೆಚ್ಚಾಯಿತು. 1539ರ ಆಗಸ್ಟಿನಲ್ಲಿ ನಾಲ್ಕು ದಿನ ಪ್ರಜ್ಞೆಯೇ ಇರಲಿಲ್ಲ. ಮಠದಲ್ಲಿ ಸಮಾಧಿ ತೋಡಿ ಕಾದಿದ್ದರು. ಎಚ್ಚರವಾದಾಗ ಕಣ್ಣರೆಪ್ಪೆಗಳ ಮೇಲೆ ಮೇಣವಿತ್ತು. ಸುಮಾರು ಮೂರು ವರ್ಷ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಮತ್ತೆ ನಡೆಯುವಂತಾದದ್ದು ಸಂತ ಜೋಸೆಫರ ಪ್ರಾರ್ಥನಾ ಸಹಾಯದಿಂದ ಎಂಬ ನಂಬಿಕೆ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಮುಂದಿನ ಹಲವು ವರ್ಷ ಅವರು ಸಾಧಾರಣ ಕನ್ಯಾಸ್ತ್ರೀಯಾಗಿಯೇ ಇದ್ದರು. ಮಠದಲ್ಲಿ ಜನ ಹೆಚ್ಚು, ಊಟ ಕಡಿಮೆ. ಶ್ರೀಮಂತ ಮನೆಯ ಸೋದರಿಯರಿಗೆ ಸ್ವಂತ ಕೋಣೆ, ಬಡವರಿಗೆ ಸಾಮೂಹಿಕ ಮಲಗುಮನೆ. ಅತಿಥಿಗಳ ಕೋಣೆಯಲ್ಲಿ ದಿನವಿಡೀ ಮಾತುಕತೆ. ಮಾತಿನಲ್ಲಿ ತೆರೇಸಮ್ಮ ಬಹಳ ಚುರುಕು, ಎಲ್ಲರಿಗೂ ಬೇಕಾದವರು. ಪ್ರಾರ್ಥನೆಗೆ ಕುಳಿತರೆ ಗಂಟೆ ಯಾವಾಗ ಮುಗಿಯುವುದೋ ಎಂದು ಎದುರುನೋಡುತ್ತಿದ್ದೆನೆಂದು ಅವರೇ ಬರೆದುಕೊಂಡಿದ್ದಾರೆ. ಇದನ್ನು ಓದಿ ನಮಗಂತೂ ಸ್ವಲ್ಪ ಸಮಾಧಾನವಾಯಿತು. 40ರ ಹತ್ತಿರ ಬಂದಾಗ, ಗಾಯಗೊಂಡ ಯೇಸುಸ್ವಾಮಿಯ ಒಂದು ಪ್ರತಿಮೆಯ ಮುಂದೆ ಅವರ ಮನಸ್ಸು ಕರಗಿತು. ಅದೇ ದಿನಗಳಲ್ಲಿ ಸಂತ ಅಗಸ್ಟೀನರ ಆತ್ಮಕಥೆ ಸ್ಪ್ಯಾನಿಷ್ ಭಾಷೆಯಲ್ಲಿ ಅವರ ಕೈಸೇರಿತು.

ಭಾಷೆಯ ವಿಷಯ ಇಲ್ಲಿ ಮುಖ್ಯ. ತೆರೇಸಮ್ಮನವರಿಗೆ ಲತೀನ್ ಬರುತ್ತಿರಲಿಲ್ಲ. ಅವರ ಆತ್ಮಕ್ಕೆ ಆಹಾರ ಸಿಕ್ಕುತ್ತಿದ್ದದ್ದು ಮಾತೃಭಾಷೆಯ ಪುಸ್ತಕಗಳಿಂದ. 1559ರಲ್ಲಿ ಇನ್‌ಕ್ವಿಸಿಷನ್‌ನ ಮುಖ್ಯಸ್ಥ ಫೆರ್ನಾಂದೊ ದೆ ವಾಲ್ದೆಸ್ ನಿಷೇಧಿತ ಪುಸ್ತಕಗಳ ಪಟ್ಟಿಯೊಂದನ್ನು ಹೊರಡಿಸಿದರು. ಜನಭಾಷೆಯ ಬೈಬಲ್ಲು ಮಾತ್ರವಲ್ಲ, ಭಕ್ತಿಯ ಎಷ್ಟೋ ಪುಸ್ತಕಗಳೂ ಅದರಲ್ಲಿ ಸೇರಿದವು. ಅವನ್ನು ಬರೆದವರಲ್ಲಿ ಇಂದು ನಾವು ಸಂತರೆಂದು ಗೌರವಿಸುವವರೂ ಇದ್ದಾರೆ. ಲತೀನ್ ಬಲ್ಲ ಗುರುಗಳಿಗೆ ಅದರಿಂದ ನಷ್ಟ ಕಡಿಮೆ. ಹೆಂಗಸರಿಗೂ ಸಾಮಾನ್ಯರಿಗೂ ಬಾಗಿಲೇ ಮುಚ್ಚಿತು. ಒಂದು ಭಾಷೆಯಲ್ಲಿ ಬಲಿಪೂಜೆ ಕೇಳಿ, ಇನ್ನೊಂದು ಭಾಷೆಯಲ್ಲಿ ಧರ್ಮೋಪದೇಶ ಕಲಿತು, ಮನೆಗೆ ಬಂದು ಕನ್ನಡದಲ್ಲಿ ಜಪಸರ ಹೇಳುವ ನಮಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆರೇಸಮ್ಮ ಬಹಳ ದುಃಖಪಟ್ಟರು. ಜೀವಂತ ಪುಸ್ತಕವೊಂದನ್ನು ತಾನೇ ಕೊಡುವುದಾಗಿ ಪ್ರಭು ಆಗ ಅವರಿಗೆ ಭರವಸೆ ಕೊಟ್ಟರಂತೆ. ಓದಲು ಪುಸ್ತಕವಿಲ್ಲದ ಆ ಹೆಂಗಸು ಕೆಲವೇ ವರ್ಷಗಳಲ್ಲಿ ತಾವೇ ಬರೆಯತೊಡಗಿದರು. ಕೋಣೆಯಲ್ಲಿ ಮೇಜು ಕುರ್ಚಿ ಇಲ್ಲ. ನೆಲದ ಮೇಲೆ ಕುಳಿತು ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆದರು. ಕಾಗುಣಿತ ಕಿವಿಗೆ ಕೇಳಿದಂತೆ. ಒಮ್ಮೆ ಬರೆದದ್ದನ್ನು ತಿರುಗಿ ಓದುವ ಅಭ್ಯಾಸವೂ ಅಷ್ಟಕ್ಕಷ್ಟೇ. ಅವರ ಭಾಷೆ ಕಸ್ತೀಲ್ಯ ಸೀಮೆಯ ಹೆಂಗಸರು ಒಲೆಯ ಮುಂದೆ ಕುಳಿತು ಆಡುವ ಮಾತು. ಇಂದು ಸ್ಪ್ಯಾನಿಷ್ ಸಾಹಿತ್ಯದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಪ್ರಾರ್ಥನೆಯನ್ನು ಅವರು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸುತ್ತಾರೆ. ಮೊದಲು ಬಾವಿಯಿಂದ ಕೈಯಲ್ಲಿ ಸೇದುವುದು, ಬೆನ್ನು ಮುರಿಯುವ ಕೆಲಸ. ಆಮೇಲೆ ರಾಟೆ. ಆಮೇಲೆ ಕಾಲುವೆ ನೀರು. ಕೊನೆಗೆ ಮಳೆ, ಅಲ್ಲಿ ರೈತನ ಶ್ರಮವೇ ಇಲ್ಲ. 1577ರಲ್ಲಿ ಬರೆದ ಆತ್ಮದ ಕೋಟೆಯ ಪುಸ್ತಕದಲ್ಲಿ ಏಳು ಅಂತಸ್ತಿನ ಮನೆಗಳನ್ನು ದಾಟುತ್ತಾ ಒಳಗೆ ದೇವರಿರುವ ಕಡೆಗೆ ಹೋಗುವ ದಾರಿಯನ್ನು ವಿವರಿಸುತ್ತಾರೆ. ಅದರ ನಡುವೆ ರೇಷ್ಮೆ ಹುಳು ಬರುತ್ತದೆ: ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದು, ಗೂಡು ಕಟ್ಟಿ, ಅದರೊಳಗೆ ಸತ್ತು, ಬಿಳಿ ಚಿಟ್ಟೆಯಾಗಿ ಹೊರಬರುವುದು. ತಾನು ಕಣ್ಣಾರೆ ಕಂಡಿಲ್ಲ, ಕೇಳಿ ಬಲ್ಲೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಚಂದ್ರಿಕೆಯಲ್ಲಿ ಹಣ್ಣಾದ ಹುಳು ಬಿಟ್ಟು ರಾತ್ರಿಯೆಲ್ಲ ಕಾದ ನಮ್ಮ ಮನೆಯ ಹೆಂಗಸರಿಗೆ ಆ ಅಧ್ಯಾಯ ಅವರಿಗಿಂತಲೂ ಚೆನ್ನಾಗಿ ಅರ್ಥವಾದೀತು.

1562ರ ಆಗಸ್ಟ್ 24ರಂದು ಅವಿಲಾದಲ್ಲೇ ಸಂತ ಜೋಸೆಫರ ಹೆಸರಿನಲ್ಲಿ ಅವರ ಮೊದಲ ಪುಟ್ಟ ಮಠ ಪ್ರಾರಂಭವಾಯಿತು. ಆದಾಯದ ಆಸ್ತಿ ಇಲ್ಲ, ಕಾಲಿಗೆ ಬೂಟಿಲ್ಲ, ಮಾಂಸವಿಲ್ಲ, ದಾನದಿಂದ ಮತ್ತು ಕೈಕೆಲಸದಿಂದ ಬದುಕು. ಊರಿಗೆ ಊರೇ ಗಲಾಟೆ ಎಬ್ಬಿಸಿತು. ನಗರಸಭೆ ವ್ಯಾಜ್ಯ ಹೂಡಿತು. ಐದು ವರ್ಷದ ಬಳಿಕ ಕಾರ್ಮೆಲ್ ಸಭೆಯ ಮಹಾಧ್ಯಕ್ಷರು ರೋಮಿನಿಂದ ಬಂದು ನೋಡಿ ಮೆಚ್ಚಿ, ಇನ್ನೂ ಮಠಗಳನ್ನು ಕಟ್ಟಲು ಅಪ್ಪಣೆ ಕೊಟ್ಟರು. ಆಗ ತೆರೇಸಮ್ಮನವರಿಗೆ 52 ವರ್ಷ, ಆರೋಗ್ಯ ಇಲ್ಲ, ಕೈಯಲ್ಲಿ ಕಾಸಿಲ್ಲ. ಅಲ್ಲಿಂದ 15 ವರ್ಷ ಅವರು ಸ್ಪೇನಿನ ರಸ್ತೆಗಳ ಮೇಲೆ ಕಳೆದರು.

ಆ ಪ್ರಯಾಣಗಳ ಕಥೆಯನ್ನು ಅವರೇ ಬರೆದಿಟ್ಟಿದ್ದಾರೆ. ಹೇಸರಗತ್ತೆಗಳು ಎಳೆಯುವ, ಮುಸುಕು ಹೊದಿಸಿದ ಗಾಡಿ. ಒಳಗೆ ಪುಟ್ಟ ಗಂಟೆ. ಅದರ ಸದ್ದಿಗೆ ಸರಿಯಾಗಿ ಮೌನ, ಪ್ರಾರ್ಥನೆ, ಮತ್ತೆ ಮಾತು. ಮಠವೇ ಚಕ್ರದ ಮೇಲೆ ಹೋಗುತ್ತಿತ್ತು. 1567ರ ಸ್ವರ್ಗಾರೋಹಣ ಮಾತೆಯ ಹಬ್ಬದ ಮುನ್ನಾದಿನ ನಡುರಾತ್ರಿ ಮೆದೀನಾ ತಲುಪಿದಾಗ, ಮರುದಿನದ ಕಾಳಗಕ್ಕೆಂದು ಬೀದಿಯಲ್ಲಿ ಗೂಳಿಗಳನ್ನು ಅಟ್ಟಿಕೊಂಡು ಹೋಗುತ್ತಿದ್ದರು. ಪೂಜೆಯ ವಸ್ತ್ರ ಪಾತ್ರೆಗಳನ್ನು ಹೊತ್ತು ಸೋದರಿಯರು ಅದರ ನಡುವೆಯೇ ನಡೆದರು. ಸಿಕ್ಕ ಮನೆಯ ಗೋಡೆಗಳು ಕುಸಿದಿದ್ದವು. ರಾತ್ರಿಯೆಲ್ಲ ಮಣ್ಣು ಹೊತ್ತು, ಗುಡಿಸಿ, ಬೆಳಗಿನ ಬಲಿಪೂಜೆಗೆ ಸಿದ್ಧಮಾಡಿದರು.

ಸಾಲಮಾಂಕದ ಕಥೆ ನಮಗೆ ಇನ್ನೂ ಇಷ್ಟ. ವಿದ್ಯಾರ್ಥಿಗಳನ್ನು ಖಾಲಿ ಮಾಡಿಸಿದ ದೊಡ್ಡ ಮನೆ, 1570ರ ಸಕಲ ಸಂತರ ಹಬ್ಬದ ರಾತ್ರಿ, ಸತ್ತವರಿಗಾಗಿ ಊರಿನ ಗಂಟೆಗಳೆಲ್ಲ ಮೊಳಗುತ್ತಿವೆ, ಹುಲ್ಲಿನ ಮೇಲೆ ಮಲಗಿದವರು ಇಬ್ಬರೇ. ಯಾರೋ ವಿದ್ಯಾರ್ಥಿ ಒಳಗೇ ಅಡಗಿರಬಹುದೆಂದು ಜೊತೆಯ ಸೋದರಿಗೆ ಭಯ. ನಾನೀಗ ಇಲ್ಲೇ ಸತ್ತುಹೋದರೆ ನೀವು ಒಬ್ಬರೇ ಏನು ಮಾಡುತ್ತೀರಿ ಎಂದು ಆಕೆ ಕೇಳಿದಳು. ಅದು ಆದಾಗ ಯೋಚಿಸೋಣ, ಈಗ ನಿದ್ದೆ ಮಾಡಲು ಬಿಡು ಎಂಬರ್ಥದ ಉತ್ತರ ಬಂತು.

1575ರ ಮೇ ತಿಂಗಳಲ್ಲಿ ಸೆವಿಲ್ಯಕ್ಕೆ ಹೊರಟದ್ದು ಎಲ್ಲಕ್ಕಿಂತ ಕಷ್ಟದ ದಾರಿ. ದಕ್ಷಿಣದ ಬಿಸಿಲಿಗೆ ಗಾಡಿ ಒಲೆಯಂತೆ ಕಾದಿತ್ತು, ತೆರೇಸಮ್ಮನವರಿಗೆ ಜ್ವರ ಬೇರೆ. ಛತ್ರದ ಕೋಣೆಗೆ ಕಿಟಕಿಯಿಲ್ಲ. ಹಾಸಿಗೆಯ ಏರುಪೇರಿಗೆ ನೆಲವೇ ವಾಸಿ ಎನಿಸಿತು. ಗ್ವಾದಲ್ಕಿವೀರ್ ನದಿ ದಾಟುವಾಗ ದೋಣಿಯ ಹಗ್ಗ ಕೈತಪ್ಪಿ ಗಾಡಿ ಸಮೇತ ನೀರಿನ ಪಾಲಾಗಿ ಹೊರಟರು. ಮರಳಿನ ದಿಬ್ಬಕ್ಕೆ ತಗಲಿ ಉಳಿದರು. ಕೊರ್ದೊಬಾದಲ್ಲಿ ಸೇತುವೆಯ ಬಾಗಿಲು ಇಕ್ಕಟ್ಟು. ಗಾಡಿಯ ಅಂಚನ್ನು ಗರಗಸದಿಂದ ಕೊಯ್ದು ದಾಟಿಸಬೇಕಾಯಿತು. ಅಂದು ಪವಿತ್ರಾತ್ಮರ ಹಬ್ಬ. ಪೂಜೆಗೆಂದು ಹೋದ ಚರ್ಚಿನಲ್ಲಿ ಜನಜಾತ್ರೆ. ಬರಿಗಾಲಿನ ಕನ್ಯಾಸ್ತ್ರೀಯರನ್ನು ಕಂಡು ಗದ್ದಲವೋ ಗದ್ದಲ. ಆ ಗಾಬರಿಗೆ ನನ್ನ ಜ್ವರವೇ ಬಿಟ್ಟಿತು ಎನ್ನುತ್ತಾರೆ.

ಅಡುಗೆಮನೆಯ ವಿಷಯ ಹೇಳದಿದ್ದರೆ ಈ ಚರಿತ್ರೆ ಅರ್ಧವಾದೀತು. ಮಠಾಧ್ಯಕ್ಷೆಯಾಗಿದ್ದರೂ ಸರದಿ ಬಂದಾಗ ಅವರೇ ಅಡುಗೆ ಮಾಡುತ್ತಿದ್ದರು. ಒಮ್ಮೆ ಬಾಣಲೆ ಕೈಯಲ್ಲಿರುವಾಗಲೇ ಧ್ಯಾನದಲ್ಲಿ ಮೈಮರೆತರೆಂದು ಸೋದರಿಯರು ಹೇಳಿದ್ದಾರೆ. ಕೆಲಸಕ್ಕೆ ಕರೆದರೆ ಪ್ರಾರ್ಥನೆ ತಪ್ಪಿತೆಂದು ಕೊರಗುವವರಿಗೆ, ಮಡಕೆ ಕುಡಿಕೆಗಳ ನಡುವೆಯೂ ಪ್ರಭು ಓಡಾಡುತ್ತಾರೆಂದು ತಿಳಿಸಿದರು. ಸೆವಿಲ್ಯದ ಬಂದರಿಗೆ ಅಮೆರಿಕದ ಹಡಗುಗಳು ಬರುತ್ತಿದ್ದ ಕಾಲವದು. ಅಲ್ಲಿನ ಮಠಾಧ್ಯಕ್ಷೆ ಮರಿಯಾ ದೆ ಸಾನ್ ಹೊಸೆ ಹೊಸ ಹೊಸ ವಸ್ತುಗಳನ್ನು ಕಳುಹಿಸುತ್ತಿದ್ದರು. 1577ರ ಬೇಸಿಗೆಯಲ್ಲಿ ಒಂದು ತೆಂಗಿನಕಾಯಿ ಬಂತು! ನಮಗೆ ದಿನವೂ ಬೇಕಾದ ಆ ಕಾಯಿ ಅವರಿಗೆ ನೋಡಿ ಬೆರಗಾಗುವಂಥ ವಸ್ತು. ಅದೇ ಡಿಸೆಂಬರಿನ ಪತ್ರದಲ್ಲಿ ಅಮೆರಿಕದ ಗೆಡ್ಡೆಗಳೂ (ಬಟಾಟೆಯೋ ಸಿಹಿಗೆಣಸೋ) ಏಳು ನಿಂಬೆಹಣ್ಣುಗಳೂ ಕೆಡದೆ ತಲುಪಿದ ಸಂತೋಷವಿದೆ. ಈಗ ಅವಿಲಾದ ಅಂಗಡಿಗಳಲ್ಲಿ ಮೊಟ್ಟೆಯ ಹಳದಿ ಮತ್ತು ಸಕ್ಕರೆಯಿಂದ ಮಾಡಿದ ಉಂಡೆಗಳನ್ನು ಸಂತ ತೆರೇಸಾಳ ಹೆಸರಿನಲ್ಲಿ ಮಾರುತ್ತಾರೆ.

ಆ ಡಿಸೆಂಬರ್ ಸಂತೋಷದ ತಿಂಗಳಾಗಿರಲಿಲ್ಲ. ಸುಧಾರಣೆ ಒಪ್ಪದ ಕಾರ್ಮೆಲ್ ಗುರುಗಳು, ತೆರೇಸಮ್ಮನವರ ಬಲಗೈಯಂತಿದ್ದ ಸಂತ ಶಿಲುಬೆಯ ಯೊವಾನ್ನರನ್ನು ಹಿಡಿದೊಯ್ದು ತೊಲೇದೊದ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ತೆರೇಸಮ್ಮ ರಾಜ ಎರಡನೇ ಫಿಲಿಪ್‌ಗೇ ನೇರವಾಗಿ ಪತ್ರ ಬರೆದರು. ಕ್ರಿಸ್ತಜಯಂತಿಯ ಹಿಂದಿನ ದಿನ ಮೆಟ್ಟಿಲಿಂದ ಬಿದ್ದು ಎಡಗೈ ಮುರಿಯಿತು. ಅಲ್ಲಿಂದಾಚೆಗೆ ಅವರಿಗೆ ತಮ್ಮ ಬಟ್ಟೆ ತಾವೇ ತೊಡಲಾಗಲಿಲ್ಲ. ಪೋಪ್‌ರವರ ಪ್ರತಿನಿಧಿಯೇ ಅವರನ್ನು ನೆಲೆ ನಿಲ್ಲದೆ ಅಲೆಯುವ ಹೆಂಗಸೆಂದು ಜರೆದರು. ಇಷ್ಟೆಲ್ಲ ಆದರೂ 1580ರ ಬಳಿಕ ಅವರ ಮಠಗಳಿಗೆ ಪ್ರತ್ಯೇಕ ಪ್ರಾಂತ್ಯದ ಮಾನ್ಯತೆ ದೊರೆಯಿತು.

1582ರ ಶರತ್ಕಾಲ. ಬುರ್ಗೊಸ್‌ನಲ್ಲಿ ಕೊನೆಯ ಮಠ ಸ್ಥಾಪಿಸಿ ಅವಿಲಾಕ್ಕೆ ಮರಳುವ ಆಸೆಯಲ್ಲಿದ್ದರು. ಆಲ್ಬಾದ ಡ್ಯೂಕರ ಮನೆಯಲ್ಲಿ ಬಸುರಿ ಸೊಸೆಯ ಬಳಿ ಸಂತರು ಇರಬೇಕೆಂಬ ಬೇಡಿಕೆಗೆ ಮಣಿದು, ಮೇಲಿನ ಗುರುಗಳು ಅತ್ತ ಹೋಗಲು ಆಜ್ಞೆ ಮಾಡಿದರು. ರಕ್ತಸ್ರಾವದಿಂದ ನಿತ್ರಾಣವಾಗಿದ್ದವರು ಹೊರಟರು. ಮಾರ್ಗದ ಹಳ್ಳಿಯಲ್ಲಿ ಹಣ ಕೊಡುತ್ತೇವೆಂದರೂ ಒಂದು ಮೊಟ್ಟೆ ಸಿಗಲಿಲ್ಲ. ಜೊತೆಗಿದ್ದ ಸೋದರಿ ಅನಾ ಒಣ ಅಂಜೂರ ಮಾತ್ರ ತಂದು ಕಣ್ಣೀರಿಟ್ಟರು. ಅಂಜೂರ ಚೆನ್ನಾಗಿದೆ, ಇದೂ ಇಲ್ಲದ ಬಡವರು ಎಷ್ಟೋ ಮಂದಿ ಎಂದು ತೆರೇಸಮ್ಮನವರೇ ಸಮಾಧಾನ ಹೇಳಿದರು. ಆಲ್ಬಾ ತಲುಪುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಅವರು ಹಾಸಿಗೆ ಹಿಡಿದರು. ಅಕ್ಟೋಬರ್ 4ರ ರಾತ್ರಿ, 67ನೇ ವಯಸ್ಸಿನಲ್ಲಿ, ಸೋದರಿ ಅನಾಳ ತೋಳಿನಲ್ಲಿ ಪ್ರಾಣ ಬಿಟ್ಟರು. ಪೋಪ್ ಗ್ರೆಗರಿಯವರ ಹೊಸ ಪಂಚಾಂಗ ಜಾರಿಗೆ ಬಂದದ್ದು ಆ ರಾತ್ರಿಯೇ. ಹತ್ತು ದಿನ ಬಿಟ್ಟು ಮರುದಿನವನ್ನು 15 ಎಂದು ಎಣಿಸಿದರು. ಹಬ್ಬ ಅಂದು ಬಂದದ್ದು ಹೀಗೆ.

ಅವರ ಆತ್ಮಕಥೆಯ ಹಸ್ತಪ್ರತಿ ಆಗಲೂ ಇನ್‌ಕ್ವಿಸಿಷನ್‌ನ ವಶದಲ್ಲಿತ್ತು. ಎಬೊಲಿಯ ರಾಜಕುಮಾರಿ ಎಂಬ ಗರ್ವಿಷ್ಠೆ ಅದನ್ನು ಓದಿ, ಮನೆಯ ಕೆಲಸದವರ ಕೈಗೂ ಕೊಟ್ಟು ನಗೆಪಾಟಲು ಮಾಡಿ, ಕೊನೆಗೆ ದೂರು ಕೊಟ್ಟಿದ್ದಳು. 1588ರಲ್ಲಿ ಅವರ ಕೃತಿಗಳನ್ನು ಸಾಲಮಾಂಕದಲ್ಲಿ ಅಚ್ಚಿಗೆ ಸಿದ್ಧಮಾಡಿದವರು ಗುರು ಲೂಯಿಸ್ ದೆ ಲಿಯೊನ್. ಬೈಬಲಿನ ಪರಮಗೀತೆಯನ್ನು ಸ್ಪ್ಯಾನಿಷ್‌ಗೆ ತಂದದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ಅವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದೇ ನ್ಯಾಯಾಲಯದ ಸೆರೆಯಲ್ಲಿದ್ದವರು. ತೆರೇಸಮ್ಮನವರನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಬರೆದ ಹಾಳೆಗಳಲ್ಲಿ ಕಂಡರು.

1622ರಲ್ಲಿ ಸಂತ ಪದವಿ ದೊರೆಯಿತು, ಗೋವೆಯ ನಮ್ಮ ಸಂತ ಫ್ರಾನ್ಸಿಸ್ ಝೇವಿಯರರ ಜೊತೆಗೆ, ಒಂದೇ ದಿನ. 1970ರಲ್ಲಿ ಪೋಪ್ ಆರನೇ ಪೌಲರು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಅದಕ್ಕೂ ನೂರು ವರ್ಷ ಮೊದಲು, 1870ರಲ್ಲಿ, ಅವರ ಮಗಳಂದಿರು ಫ್ರಾನ್ಸಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದು ಕಾರ್ಮೆಲ್ ಮಠ ಸ್ಥಾಪಿಸಿದರು. ಅವರಲ್ಲಿ ಒಬ್ಬಳು ಗಲಿಲೇಯ ಸೀಮೆಯ ಅರಬ್ಬಿ ಹುಡುಗಿ, ಓದುಬರಹ ಅಷ್ಟಾಗಿ ಬಾರದವಳು. ಮರುವರ್ಷ ಮಂಗಳೂರಿನಲ್ಲೇ ಆಕೆ ವ್ರತ ತೊಟ್ಟಳು. 2015ರಲ್ಲಿ ಸಂತಳೆಂದು ಘೋಷಿತಳಾದ ಶಿಲುಬೆಗೇರಿದ ಯೇಸುವಿನ ಮರಿಯಮ್ ಆಕೆಯೇ.