ಆಲ್ಫ್ರೆಡ್ ರಸೆಲ್ ವ್ಯಾಲೇಸ್

ಜೀವವಿಕಾಸವೆಂದೊಡನೆ ನಮಗೆ ನೆನಪಾಗುವುದು ಡಾರ್ವಿನ್ನನ ಹೆಸರು. ಆದರೆ ಪ್ರಕೃತಿಯ ಆಯ್ಕೆಯೆಂಬ ಅದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡ ಇನ್ನೊಬ್ಬನಿದ್ದನು, ಅವನೇ ವ್ಯಾಲೇಸ್.

1823ರಲ್ಲಿ ವೇಲ್ಸ್ ನಾಡಿನಲ್ಲಿ ಜನಿಸಿದ ಈತನು ಬಡತನದ ದೆಸೆಯಿಂದ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಅಣ್ಣನ ಬಳಿ ಭೂಮಾಪನದ ಕೆಲಸ ಕಲಿತನು. 1848ರಲ್ಲಿ ಗೆಳೆಯ ಬೇಟ್ಸನೊಡನೆ ಅಮೆಜಾನ್ ಕಾಡಿಗೆ ಹೋದನು. 1852ರಲ್ಲಿ ಹಿಂದಿರುಗುವಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದು, ಜೊತೆಗಿದ್ದ ಸಂಗ್ರಹದ ಬಹುಭಾಗ ಬೂದಿಯಾಯಿತು. ಆದರೂ ಎದೆಗುಂದದೆ 1854ರಲ್ಲಿ ಮಲಯ ದ್ವೀಪಗಳತ್ತ ಹೊರಟನು.

ಆತನ ಬಾಳಿನಲ್ಲಿ ನನಗೆ ಬಹು ಪ್ರಿಯವಾದುದು ಬೋರ್ನಿಯೋ ದ್ವೀಪದ ಸರವಾಕಿನ ಮಳೆಕಾಡಿನ ಪ್ರಸಂಗ. ಆಗ ಅಲ್ಲಿಯ ಅರಸನಾಗಿದ್ದ ಜೇಮ್ಸ್ ಬ್ರೂಕನ ಗುಡ್ಡದ ಮನೆಯಲ್ಲಿ 1855ರ ಡಿಸೆಂಬರಿನಿಂದ ಕೆಲವು ವಾರ ತಂಗಿದ್ದನು. ಸುಣ್ಣ ಬಳಿದ ಜಗಲಿಯಲ್ಲಿ ದೀಪ ಹೊತ್ತಿಸಿ, ಪುಸ್ತಕ ಹಿಡಿದು, ಪತಂಗಗಳಿಗಾಗಿ ಕಾದು ಕುಳಿತಿರುತ್ತಿದ್ದನು. 26 ರಾತ್ರಿಗಳಲ್ಲಿ ಸಿಕ್ಕಿದವು 1,386. ಅವುಗಳಲ್ಲಿ 800ಕ್ಕೂ ಹೆಚ್ಚು ಬಂದದ್ದು ಜಡಿಮಳೆ ಸುರಿದ ನಾಲ್ಕೇ ಕಗ್ಗತ್ತಲ ರಾತ್ರಿಗಳಲ್ಲಿ! ಮಳೆಯನ್ನು ಶಪಿಸುತ್ತ ಮಲಗದೆ, ಪ್ರತಿ ರಾತ್ರಿಯ ಹವೆಯನ್ನೂ ಎಣಿಕೆಯನ್ನೂ ಬರೆದಿಟ್ಟದ್ದರಿಂದಲೇ ಈ ಗುಟ್ಟು ತಿಳಿಯಿತು.

1858ರಲ್ಲಿ ಜ್ವರದಿಂದ ನರಳುತ್ತಿದ್ದಾಗ ಹೊಳೆದ ತತ್ತ್ವವನ್ನು ಬರೆದು ಡಾರ್ವಿನ್ನನಿಗೆ ಕಳುಹಿಸಿದನು. ಅದೇ ವರ್ಷದ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ಈತನಿಗೆ 1889ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. 1913ರಲ್ಲಿ, ತೊಂಬತ್ತರ ತುಂಬು ವಯಸ್ಸಿನಲ್ಲಿ ಕಾಲವಾದನು.

ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲು. ಪದವಿ ಬೇಡವೆಂದು ನಾನು ಹೇಳಲಾರೆ. ಆದರೆ ಕಣ್ತೆರೆದು ಕಾಯುವುದನ್ನೂ ಕಂಡದ್ದನ್ನು ಕಂಡಂತೆ ಬರೆದಿಡುವುದನ್ನೂ ಪದವಿಪತ್ರವು ಕೊಡಲಾರದು. ಅದನ್ನು ನಾವೇ ಗಳಿಸಿಕೊಳ್ಳಬೇಕು.