ಕೈಲೆಕ್ಕದ ಮೇಷ್ಟ್ರು

ಮಾದಾಪುರದಲ್ಲಿ ಮಳೆಗಾಲದ ಕರೆಂಟನ್ನು ನಂಬುವಂತಿಲ್ಲ. ಮೇಣದಬತ್ತಿ ಹಚ್ಚಿ ಬ್ಯಾಂಕ್ ಪರೀಕ್ಷೆಯ ಲೆಕ್ಕ ಬಿಡಿಸುವಾಗ ನನಗೆ ನೆನಪಾಗುವುದು ಫ್ರಾನ್ಸಿನ ಎಡುವಾರ್ ಲ್ಯೂಕಾಸ್. 1842ರಲ್ಲಿ ಹುಟ್ಟಿದ ಅವರು ಪ್ಯಾರಿಸ್ ವೀಕ್ಷಣಾಲಯದಲ್ಲಿ ದುಡಿದರು, ಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದರು, ಆಮೇಲೆ ಶಾಲಾ ಮೇಷ್ಟ್ರಾದರು. ಕಂಪ್ಯೂಟರ್ ಓದಿದವರನ್ನು ಕಾಡುವ ‘ಟವರ್ ಆಫ್ ಹನೋಯ್’ ಕೂಡ ಇವರದೇ!

127 ಎರಡುಗಳನ್ನು ಗುಣಿಸಿ 1 ಕಳೆದರೆ 39 ಅಂಕಿಯ ಸಂಖ್ಯೆ. ಅದು ಅವಿಭಾಜ್ಯ ಎಂದು 1876ರಲ್ಲಿ ಕೈಲೆಕ್ಕದಲ್ಲೇ ಸಾಧಿಸಿದರು. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡಲು ಆಯುಷ್ಯ ಸಾಲದು. ಅವರ ಉಪಾಯವನ್ನು ಪುಟ್ಟ 127ರ ಮೇಲೆ (ಅದು ಏಳು ಎರಡುಗಳದ್ದು) ನೀವೇ ಪರೀಕ್ಷಿಸಿ: 3ರಿಂದ ಹೊರಟು, ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋಗಿ. 3, 7, 47, 48, 16, 0. ಐದನೇ ಸುತ್ತಿಗೆ ಸೊನ್ನೆ ಬಂತು, ಅವಿಭಾಜ್ಯ. ದೊಡ್ಡದಕ್ಕೆ ಇಂಥ 125 ಸುತ್ತು. ಬಹುತೇಕ ಸುತ್ತುಗಳಲ್ಲಿ ಹೆಚ್ಚುಕಡಿಮೆ 39 ಅಂಕಿಗಳ ವರ್ಗ. ಒಂದು ಅಂಕಿ ತಪ್ಪಿದರೂ ಶ್ರಮವೆಲ್ಲ ನೀರುಪಾಲು.

1891ರಲ್ಲಿ ಔತಣಕೂಟವೊಂದರಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಾಗಿ, ಸೋಂಕು ಏರಿ, 49ಕ್ಕೇ ತೀರಿಕೊಂಡರು. ಅವರ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ ಸಿಕ್ಕಿದ್ದು 1951ರಲ್ಲಿ.